ಎರಡೂ ‘ಮುಂಬೈ’ಯೇ, ಆದರೂ ಟೆಸ್ಟ್ ಫೇಲ್: ಯೂನಿಟ್ ಟೆಸ್ಟ್‌ಗಳ ದೋಷ ಹುಡುಕುವ ಬಗೆ

ಕೋಡ್‌ನ ಒಂದೊಂದು ತುಂಡೂ ಸರಿಯಾದ ಉತ್ತರ ಕೊಡುತ್ತದೋ ಎಂದು ನೋಡುವ ಪುಟ್ಟ ಕೋಡ್‌ಗೆ ಯೂನಿಟ್ ಟೆಸ್ಟ್ ಎನ್ನುತ್ತಾರೆ. ನಮ್ಮ ಟೆಸ್ಟ್ ಕೊಟ್ಟ ದೂರು ಇಷ್ಟೇ. ಬರಬೇಕಾದದ್ದು ‘ಮುಂಬೈ’, ಬಂದದ್ದು ‘ಮುಂಬೈ’, ಎರಡೂ ಒಂದೇ ಅಲ್ಲ. ಅದರ ಕೆಳಗೆ ‘ಗೋವಾ’ಕ್ಕೂ ಇದೇ ದೂರು. ನಡುವೆ ಇದ್ದ ‘ಪುಣೆ’ ಮಾತ್ರ ಪಾಸ್.

ನಮ್ಮ ತಂಡದಲ್ಲಿರುವ ಡೊಂಬಿವಿಲಿಯ ಅಕ್ಕ ಇದನ್ನು ನೋಡಿ ಫೋನ್ ಮಾಡಿದರು. “ಎಂತ ಮಾರಾಯ ಇದು, ಎರಡೂ ಒಂದೇ ಉಂಟಲ್ಲ?” ತಂಡದ ಇನ್ನೊಬ್ಬ, ಗೋವಾದ ವಾಸ್ಕೋದ ಹುಡುಗ ಮೆಸೇಜ್ ಹಾಕಿದ: “ಅಣ್ಣಾ, ನನ್ನ ಲ್ಯಾಪ್‌ಟಾಪ್‌ನ್ಯಾಗ ಎಲ್ಲಾ ಪಾಸ್ ಆಗ್ಯಾವ್ರಿ.” ನಾನು ಪುಣೆಯ ಹಿಂಜವಡಿಯಿಂದ ಆಗಷ್ಟೇ ವಾಕಡ್‌ನ ಮನೆಗೆ ಬಂದಿದ್ದೆ. ಆ ರಾತ್ರಿ ಶುರುವಾದ ಹುಡುಕಾಟ ಹತ್ತಿರ ಹತ್ತಿರ ಎರಡು ತಿಂಗಳು ನಡೆಯಿತು. ಒಂದು ದೋಷದ ಹಿಂದೆ ಹೋದರೆ ಇನ್ನೊಂದು ಸಿಕ್ಕಿತು. ಕನ್ನಡ ಪಠ್ಯದ ಜೊತೆ ಕೆಲಸ ಮಾಡುವ ಯಾರಿಗಾದರೂ ಇವು ಎದುರಾಗುತ್ತವೆ. ಅದಕ್ಕೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಮ್ಮದು ಪುಟ್ಟ ಓಪನ್ ಸೋರ್ಸ್ ಪ್ರಾಜೆಕ್ಟ್. ಮುಂಬೈ, ಪುಣೆ, ಗೋವಾ ಕಡೆಯ ಕನ್ನಡ ಸಂಘಗಳಿಗೆ ದೊಡ್ಡ ಇತಿಹಾಸ ಇದೆ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಷ್ಟು ಹಳೆಯದು. ಇಂಥ ಊರುಗಳಲ್ಲಿ ಬೆಳ್ಳಿಹಬ್ಬ, ರಾಜ್ಯೋತ್ಸವ ಅಂತ ಹೊರಬಂದ ಸ್ಮರಣ ಸಂಚಿಕೆಗಳು ಜನರ ಮನೆಯ ಅಟ್ಟದಲ್ಲಿ ಬಿದ್ದಿವೆ. ಸಿಕ್ಕವನ್ನು ಸ್ಕ್ಯಾನ್ ಮಾಡುತ್ತೇವೆ. ನಮ್ಮ ಪ್ರೋಗ್ರಾಂ ಫೈಲ್ ಹೆಸರುಗಳಿಂದ ಊರು, ವರ್ಷ, ಸಂಘ ಇಷ್ಟನ್ನೂ ತೆಗೆದು ಸೂಚಿ ಮಾಡುತ್ತದೆ. ಭಾಷೆ ಪೈಥಾನ್. ಟೆಸ್ಟ್‌ಗಳನ್ನು ಓಡಿಸುವುದು ಪೈಟೆಸ್ಟ್ ಎಂಬ ಸಾಧನ. ಹೊಸ ಕೋಡ್ ಬಂದಾಗಲೆಲ್ಲ ಒಂದು ಸರ್ವರ್ ತಾನಾಗಿಯೇ ಅವನ್ನು ಓಡಿಸುತ್ತದೆ. ಅದನ್ನೇ ನಾವು ಸಿಐ ಅನ್ನುತ್ತೇವೆ.

ಮೊದಲು ಏನನ್ನೂ ಮುಟ್ಟಬೇಡಿ

ಟೆಸ್ಟ್ ಫೇಲ್ ಆಗಿ ಕೆಂಪಾದ ಕೂಡಲೇ ಕೈ ಕೋಡ್ ಕಡೆಗೆ ಓಡುತ್ತದೆ. ಇನ್ನೂ ಕೆಟ್ಟದ್ದೆಂದರೆ ಟೆಸ್ಟ್‌ನ ಕಡೆಗೇ ಓಡುತ್ತದೆ. ಬಂದ ಉತ್ತರವನ್ನೇ ಕಾಪಿ ಮಾಡಿ ‘ಬರಬೇಕಾದದ್ದು’ ಅನ್ನುವ ಜಾಗಕ್ಕೆ ಅಂಟಿಸಿದರೆ ಪಾಸ್ ಆಗಿ ಹಸಿರಾಗುತ್ತದೆ ನಿಜ. ಆದರೆ ದೋಷ ಅಲ್ಲೇ ಇರುತ್ತದೆ. ಅದನ್ನು ತೋರಿಸುತ್ತಿದ್ದ ಒಂದೇ ಒಂದು ದೀಪವನ್ನು ನಾವೇ ಆರಿಸಿದಂತೆ ಆಗುತ್ತದೆ.

ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ: ಇದು ಎಲ್ಲಿ ಪಾಸ್ ಆಗುತ್ತದೆ, ಎಲ್ಲಿ ಫೇಲ್ ಆಗುತ್ತದೆ? ಆ ಎರಡು ಜಾಗಗಳ ನಡುವೆ ಏನು ಬೇರೆ ಇದೆ? ಬೇರೆ ಇರುವುದನ್ನು ಒಂದೊಂದಾಗಿ ಒಂದೇ ಮಾಡುತ್ತ ಹೋಗಿ. ಯಾವುದನ್ನು ಒಂದೇ ಮಾಡಿದಾಗ ಫಲಿತಾಂಶ ಬದಲಾಯಿತೋ ದೋಷ ಅಲ್ಲಿರುತ್ತದೆ.

ಫೇಲ್ ಆದದ್ದನ್ನು ಒಂಟಿಯಾಗಿ ಓಡಿಸಿ. ಪೈಟೆಸ್ಟ್‌ನಲ್ಲಿ ಫೈಲ್ ಹೆಸರಿನ ನಂತರ ಎರಡು ಕೋಲನ್ ಹಾಕಿ ಫಂಕ್ಷನ್ ಹೆಸರು ಕೊಟ್ಟರೆ ಅದೊಂದೇ ಓಡುತ್ತದೆ. ‘-ಎಕ್ಸ್’ ಕೊಟ್ಟರೆ ಮೊದಲ ಫೇಲ್‌ಗೇ ನಿಲ್ಲುತ್ತದೆ. ‘--ಎಲ್‌ಎಫ್’ ಕೊಟ್ಟರೆ ಹಿಂದಿನ ಸಲ ಫೇಲ್ ಆದವಷ್ಟೇ ಓಡುತ್ತವೆ. ಒಂಟಿಯಾಗಿಯೂ ಫೇಲ್ ಆದರೆ ಅರ್ಧ ಕೆಲಸ ಮುಗಿಯಿತು. ಒಂಟಿಯಾಗಿ ಪಾಸ್, ಗುಂಪಿನಲ್ಲಿ ಫೇಲ್ ಅಂದರೆ ಅದು ಬೇರೆ ಜಾತಿಯ ರೋಗ. ಅದಕ್ಕೆ ಕೊನೆಗೆ ಬರುತ್ತೇನೆ.

ಮುಂಬೈ ಟೆಸ್ಟ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂಟಿಯಾಗಿಯೂ ಫೇಲ್. ವಾಸ್ಕೋ ಹುಡುಗನಿಗೆ ಪಾಸ್. ಅದೇ ಕಮಿಟ್ (ಉಳಿಸಿಟ್ಟ ಕೋಡ್‌ನ ಒಂದು ಹಂತ), ಅದೇ ಪೈಥಾನ್ ಆವೃತ್ತಿ. ಕೊನೆಗೆ ಕೇಳಿದೆ: “ನಿನ್ನ ಹತ್ತಿರ ಫೈಲ್ ಪಟ್ಟಿ ಎಲ್ಲಿಂದ ಬಂತು?” ಅವನು ಹೊಸ ಪಟ್ಟಿ ಇಳಿಸಿಕೊಂಡಿರಲಿಲ್ಲ. ಪರೀಕ್ಷೆಗಾಗಿ ತಾನೇ ಕೀಬೋರ್ಡ್‌ನಲ್ಲಿ ಹತ್ತು ಹೆಸರು ಟೈಪ್ ಮಾಡಿಕೊಂಡಿದ್ದ. ನಮ್ಮ ಪಟ್ಟಿ ಬಂದದ್ದು ಹಾರ್ಡ್ ಡಿಸ್ಕ್‌ನಿಂದ. ವ್ಯತ್ಯಾಸ ಸಿಕ್ಕಿತು.

ಕಣ್ಣಿಗೆ ಒಂದೇ, ಒಳಗೆ ಬೇರೆ

ಪರದೆಯ ಮೇಲೆ ಎರಡು ಪದ ಒಂದೇ ಥರ ಕಾಣುತ್ತಿದ್ದರೆ ಕಣ್ಣನ್ನು ನಂಬಬೇಡಿ. ಪೈಥಾನ್‌ನಲ್ಲಿ ‘ಆಸ್ಕಿ’ ಎಂಬ ಫಂಕ್ಷನ್ ಇದೆ. ಪದವನ್ನು ಅದಕ್ಕೆ ಕೊಟ್ಟರೆ ಪ್ರತಿ ಅಕ್ಷರ ಚಿಹ್ನೆಯ ಯೂನಿಕೋಡ್ ಸಂಖ್ಯೆಯನ್ನು ಬಿಡಿಸಿ ತೋರಿಸುತ್ತದೆ. ಎಲ್ಲ ಭಾಷೆಗಳ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿಯೇ ಯೂನಿಕೋಡ್. ಹೆಚ್ಚಿನವರು ಬಳಸುವ ‘ರೆಪ್ರ್’ ಇಲ್ಲಿ ಸಾಲದು, ಅದು ಕನ್ನಡವನ್ನು ಕನ್ನಡವಾಗಿಯೇ ತೋರಿಸುತ್ತದೆ.

ಆ ಭಾನುವಾರ ನಾನು ಮುಂಬೈಗೆ ಹೋಗಿದ್ದೆ. ಅಕ್ಕ ಮಾಟುಂಗದ ಉಡುಪಿ ಹೋಟೆಲಿಗೆ ಬಂದರು. ಫಿಲ್ಟರ್ ಕಾಫಿ ಪಕ್ಕಕ್ಕೆ ಸರಿಸಿ, ಬಿಲ್ಲಿನ ಹಿಂದೆ ಇಬ್ಬರೂ ಚಿಹ್ನೆಗಳನ್ನು ಬರೆದೆವು. ಟೆಸ್ಟ್‌ನಲ್ಲಿ ನಾವು ಟೈಪ್ ಮಾಡಿದ ‘ಮುಂಬೈ’ಯಲ್ಲಿ ಐದು ಚಿಹ್ನೆ: ಮ, ಉ-ಕಾರ, ಸೊನ್ನೆ, ಬ, ಐ-ಕಾರ. ಪಟ್ಟಿಯಿಂದ ಬಂದ ‘ಮುಂಬೈ’ಯಲ್ಲಿ ಆರು. ಕೊನೆಯ ಐ-ಕಾರದ ಜಾಗದಲ್ಲಿ ಎ-ಕಾರ ಒಂದು, ಅದರ ಕೆಳಗೆ ಬರುವ ಐತ್ವದ ಬಾಲ ಒಂದು, ಹೀಗೆ ಎರಡು ತುಂಡು. ‘ಗೋವಾ’ದಲ್ಲಿ ಇನ್ನೂ ಜಾಸ್ತಿ. ನಾವು ಟೈಪ್ ಮಾಡಿದ್ದರಲ್ಲಿ ನಾಲ್ಕು ಚಿಹ್ನೆ, ಪಟ್ಟಿಯದ್ದರಲ್ಲಿ ಆರು. ಓ-ಕಾರ ಒಂದೇ ಚಿಹ್ನೆಯಾಗಿ ಇರುವ ಬದಲು ಎ-ಕಾರ, ಊ-ಕಾರ, ದೀರ್ಘ ಎಂದು ಮೂರು ತುಂಡಾಗಿತ್ತು. ‘ಪುಣೆ’ಯ ಎ-ಕಾರ ಒಡೆಯುವಂಥದ್ದೇ ಅಲ್ಲ. ಎರಡೂ ಕಡೆ ನಾಲ್ಕೇ ಚಿಹ್ನೆ. ಅದಕ್ಕೇ ಪುಣೆ ಪಾಸ್ ಆಗಿದ್ದು!

ಅಕ್ಕ ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. “ನಾವು ಶಾಲೆಯಲ್ಲಿ ಕಾಗುಣಿತ ಬರೀವಾಗ ಒತ್ತು, ದೀರ್ಘ ಅಂತ ಬಿಡಿಸಿ ಹೇಳ್ತಿದ್ದೆವಲ್ಲ, ಇದೂ ಹಾಗೇ ಉಂಟು” ಎಂದರು. ಸರಿಯಾದ ಮಾತು.

ಯೂನಿಕೋಡ್‌ನಲ್ಲಿ ಕನ್ನಡದ ಐದು ಗುಣಿತ ಚಿಹ್ನೆಗಳಿಗೆ ಎರಡೆರಡು ರೂಪ ಇವೆ: ಕೀ, ಕೇ, ಕೈ, ಕೊ, ಕೋ ಇವುಗಳಲ್ಲಿ ಬರುವ ಚಿಹ್ನೆಗಳು. ಇಡಿಯಾಗಿ ಬರೆಯುವ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿ ಬರೆಯುವ ರೂಪಕ್ಕೆ ಎನ್‌ಎಫ್‌ಡಿ ಎಂದು ಹೆಸರು. ಎರಡೂ ಸರಿಯೇ. ಅರ್ಥದಲ್ಲಿ ಎರಡೂ ಒಂದೇ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಪೈಥಾನ್ ಎರಡು ಪದ ಹೋಲಿಸುವಾಗ ಚಿಹ್ನೆಗೆ ಚಿಹ್ನೆ ನೋಡುತ್ತದೆ, ಅರ್ಥ ನೋಡುವುದಿಲ್ಲ.

ಇಡೀ ಪಟ್ಟಿಯೇ ಬಿಡಿಸಿದ ರೂಪದಲ್ಲಿ ಬಂದದ್ದು ಯಾಕೆ? ಸ್ಕ್ಯಾನ್ ಮಾಡಿದ್ದು ಒಬ್ಬ ಹಿರಿಯರ ಮನೆಯ ಹಳೆಯ ಮ್ಯಾಕ್‌ನಲ್ಲಿ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಡಿಸ್ಕ್ ವ್ಯವಸ್ಥೆ ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ನೀವು ಹೇಗೇ ಟೈಪ್ ಮಾಡಿ, ಒಳಗೆ ಹೋಗುವುದು ತುಂಡಾಗಿ. ಆ ಹೆಸರುಗಳನ್ನು ಓದಿ ಪಟ್ಟಿ ಮಾಡಿದಾಗ ತುಂಡುಗಳೇ ಬಂದವು. ಹಿರಿಯರದ್ದೂ ತಪ್ಪಲ್ಲ, ಮ್ಯಾಕ್‌ನದ್ದೂ ತಪ್ಪಲ್ಲ. ಬಾಗಿಲಲ್ಲಿ ತಪಾಸಣೆ ಇಡದ ನಮ್ಮ ಕೋಡ್‌ನದ್ದು.

ಪರಿಹಾರ ಒಂದು ಸಾಲು. ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿ ‘ನಾರ್ಮಲೈಸ್’ ಇದೆ. ಹೊರಗಿನಿಂದ ಬರುವ ಪ್ರತಿ ಹೆಸರನ್ನೂ ಒಳಗೆ ಬಿಡುವ ಮೊದಲು ಎನ್‌ಎಫ್‌ಸಿಗೆ ತಂದುಬಿಡಿ. ಹೋಲಿಸುವ ಪ್ರತಿ ಜಾಗದಲ್ಲೂ ಮಾಡಲು ಹೋದರೆ ಒಂದಲ್ಲ ಒಂದು ಕಡೆ ಮರೆಯುತ್ತೀರಿ.

ಆದರೆ ಸಾಲು ಹಾಕುವ ಮೊದಲು ಟೆಸ್ಟ್ ಬರೆಯಿರಿ. ಅದರಲ್ಲಿ ‘ಮುಂಬೈ’ ಎಂದು ನೇರವಾಗಿ ಟೈಪ್ ಮಾಡಬೇಡಿ. ಯಾವುದೋ ಎಡಿಟರ್ ಅದನ್ನು ಸುಮ್ನೆ ಇಡಿ ರೂಪಕ್ಕೆ ತಂದುಬಿಡಬಹುದು. ಆಮೇಲೆ ಟೆಸ್ಟ್ ಏನನ್ನೂ ಪರೀಕ್ಷಿಸುವುದಿಲ್ಲ. ಓದುವವರಿಗೂ ಯಾವ ರೂಪ ಅಂತ ಗೊತ್ತಾಗುವುದಿಲ್ಲ. ಸಂಖ್ಯೆಗಳಲ್ಲಿ ಬರೆಯಿರಿ: ಇಡಿ ಐ-ಕಾರ 0ಸಿಸಿ8, ಬಿಡಿಸಿದ್ದು 0ಸಿಸಿ6 ಮತ್ತು 0ಸಿಡಿ6. ಎರಡೂ ಕೊಟ್ಟಾಗ ಒಂದೇ ಊರು ಬರಬೇಕು, ಅಷ್ಟೇ ಟೆಸ್ಟ್. ನಾವು ಮುಂಬೈ, ಗೋವಾ ಜೊತೆಗೆ ಉಳಿದ ಗುಣಿತಗಳಿಗೂ ಒಂದೊಂದು ಪದ ಸೇರಿಸಿದೆವು.

ಕಾಣದ ಇನ್ನೊಂದು ಚಿಹ್ನೆ

ಅದಾದ ಮೇಲೂ ‘ಚಿಂಚ್‌ವಡ್’ ಫೇಲ್ ಆಗುತ್ತಲೇ ಇತ್ತು. ಇದು ಒಂದೇ ಥರ ಕಾಣುವ ಸಮಸ್ಯೆ ಅಲ್ಲ. ಕೆಲವರು ‘ಚಿಂಚ್‌ವಡ್’ ಎಂದು ಅರ್ಧ ಚ ಉಳಿಸಿ ಬರೆದಿದ್ದರು, ಕೆಲವರು ‘ಚಿಂಚ್ವಡ್’ ಎಂದು ವ ಒತ್ತು ಕೊಟ್ಟಿದ್ದರು. ಮೊದಲಿನದರಲ್ಲಿ ಅರ್ಧಾಕ್ಷರದ ನಂತರ ಅಗಲವೇ ಇಲ್ಲದ ಒಂದು ಚಿಹ್ನೆ ಕೂತಿರುತ್ತದೆ. ಕೂಡಬೇಡ ಎಂದು ಹೇಳುವ ಚಿಹ್ನೆ ಅದು, ಸಂಖ್ಯೆ 200ಸಿ. ‘ಘಾಟ್‌ಕೋಪರ್’ನಲ್ಲೂ ಇದೆ. ಬೇರೆ ಭಾಷೆಯ ಪದ ಬರೆಯುವಾಗ ನಾವು ದಿನಾ ಬಳಸುತ್ತೇವೆ, ಅಲ್ವಾ? ನಾರ್ಮಲೈಸ್ ಇದನ್ನು ಮುಟ್ಟುವುದಿಲ್ಲ.

ಇನ್ನೂ ಕಷ್ಟ ಕೊಡುವುದು ಪದದ ಕೊನೆಯಲ್ಲಿ ಉಳಿದ ಚಿಹ್ನೆ. ‘ಚೆಂಬೂರ್’ ಎಂದು ಬರೆದು ಕೊನೆಯಲ್ಲಿ ಅದು ಅಂಟಿಕೊಂಡಿದ್ದರೆ ಕಾಣುವುದೇ ಇಲ್ಲ. ಪೈಥಾನ್‌ನ ‘ಸ್ಟ್ರಿಪ್’ ಖಾಲಿ ಜಾಗ ಕತ್ತರಿಸುತ್ತದೆ, ಆದರೆ ಇದನ್ನು ಖಾಲಿ ಜಾಗ ಎಂದು ಎಣಿಸುವುದಿಲ್ಲ. ಇಲ್ಲೂ ಉಪಾಯ ಹಳೆಯದೇ: ಆಸ್ಕಿಗೆ ಕೊಟ್ಟು ನೋಡಿ.

ಹುಡುಗ ಎಲ್ಲ ಕಡೆ ಆ ಚಿಹ್ನೆ ಅಳಿಸುವ ಪುಲ್ ರಿಕ್ವೆಸ್ಟ್, ಅಂದರೆ ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳಿಸಿದ. ನಾನು ಒಪ್ಪಲಿಲ್ಲ. ಸೂಚಿಯಲ್ಲಿ ‘ಘಾಟ್ಕೋಪರ್’ ಎಂದು ಅಚ್ಚಾದರೆ ಅದು ಓದುವವರಿಗೆ ಮಾಡುವ ಅನ್ಯಾಯ. ಹೋಲಿಸಲು ಮಾತ್ರ ಅಳಿಸಿದ ಪ್ರತಿ ಬಳಸಬೇಕು, ತೋರಿಸಲು ಮೂಲ ರೂಪ ಇಡಬೇಕು. ಈ ಎರಡನ್ನೂ ಎರಡು ಬೇರೆ ಟೆಸ್ಟ್‌ಗಳಾಗಿ ಬರೆದೆವು.

ವಿಂಡೋಸ್‌ನಲ್ಲಿ ಮಾತ್ರ

ಈ ನಡುವೆ ಪುಣೆಯ ಇನ್ನೊಬ್ಬರು ಸೇರಿಕೊಂಡರು. ಅವರದ್ದು ವಿಂಡೋಸ್. ಫೈಲ್ ಓದುವ ಟೆಸ್ಟ್ ಅವರಿಗೆ ‘0ಎಕ್ಸ್81 ಬೈಟ್ ಓದಲಾಗಲಿಲ್ಲ’ ಎಂದು ನಿಲ್ಲುತ್ತಿತ್ತು. ಗೋವಾ ಪಟ್ಟಿಯಲ್ಲಿ ನಿಲ್ಲುತ್ತಿರಲಿಲ್ಲ, ಆದರೆ ಹೆಸರಿನ ಬದಲು ಕಂಡಾಬಟ್ಟೆ ಚಿಹ್ನೆಗಳು ಬರುತ್ತಿದ್ದವು.

ಕಾರಣ: ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಪದ್ಧತಿ) ಹೇಳದಿದ್ದರೆ ಪೈಥಾನ್ ಆ ಕಂಪ್ಯೂಟರಿನ ಮಾಮೂಲಿ ಎನ್‌ಕೋಡಿಂಗ್ ಬಳಸುತ್ತದೆ. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8. ಅವರ ವಿಂಡೋಸ್‌ನಲ್ಲಿ ಸಿಪಿ1252 ಎಂಬ ಬೇರೆ ಎನ್‌ಕೋಡಿಂಗ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಉ-ಕಾರದ ಕೊನೆಯ ಬೈಟ್ 81, ಅರ್ಧಾಕ್ಷರ ಮಾಡುವ ಹಲಂತದ ಕೊನೆಯ ಬೈಟ್ 8ಡಿ. ಈ ಎರಡಕ್ಕೂ ಸಿಪಿ1252ರಲ್ಲಿ ಜಾಗವೇ ಇಲ್ಲ. ಮುಂಬೈಯಲ್ಲೂ ಪುಣೆಯಲ್ಲೂ ಉ-ಕಾರ ಇದೆ, ಆದ್ದರಿಂದ ಅಲ್ಲೇ ನಿಂತಿತು. ಗೋವಾದಲ್ಲಿ ಎರಡೂ ಇಲ್ಲ, ಆದ್ದರಿಂದ ತಪ್ಪಾಗಿ ಓದಿಕೊಂಡು ಮುಂದೆ ಹೋಯಿತು. ತಡೆದು ನಿಲ್ಲಿಸಿದ ದೋಷಕ್ಕಿಂತ ಸುಮ್ಮನೆ ಮುಂದೆ ಹೋದದ್ದು ಜಾಸ್ತಿ ಅಪಾಯ.

ಕನ್ನಡ ಫೈಲ್ ಓದುವಾಗ ದೋಷದ ಸಾಲಿನಲ್ಲಿ 81 ಅಥವಾ 8ಡಿ ಕಂಡರೆ ಬೇರೆ ಎಲ್ಲೂ ಹುಡುಕಬೇಡಿ. ಫೈಲ್ ತೆರೆಯುವ ಸಾಲಿನಲ್ಲಿ ಯುಟಿಎಫ್-8 ಎಂದು ಬರೆಯಿರಿ. ಪೈಥಾನ್ 3.15ರಿಂದ ಇದೇ ಮಾಮೂಲಿ ಆಗಬೇಕು ಎಂದು ತೀರ್ಮಾನವಾಗಿದೆ. ಆದರೆ ಹಳೆಯ ಆವೃತ್ತಿಗಳು ಜನರ ಕಂಪ್ಯೂಟರ್‌ಗಳಲ್ಲಿ ಬಹಳ ದಿನ ಇರುತ್ತವೆ.

ಟೆಸ್ಟೇ ತಪ್ಪಾಗಿದ್ದಾಗ

ಊರುಗಳನ್ನು ಅಕಾರಾದಿಯಾಗಿ ಜೋಡಿಸುವ ಟೆಸ್ಟ್ ತಿಂಗಳುಗಟ್ಟಲೆ ಹಸಿರಾಗಿತ್ತು. ಒಂದು ದಿನ ಅಕ್ಕ ಸೂಚಿಯ ಪ್ರಿಂಟ್ ತೆಗೆದು ಓದುತ್ತ ಕೂತಿದ್ದರು. ‘ಕಳವಾ’ ಮುಂದೆ ಬಂದು ‘ಕಸಾರಾ’ ಹಿಂದೆ ಹೋಗಿದೆ, ನಿಘಂಟಿನಲ್ಲಿ ಹೀಗಿರುವುದಿಲ್ಲವಲ್ಲ ಎಂದರು. ಎರಡೂ ಸೆಂಟ್ರಲ್ ಲೈನಿನ ಸ್ಟೇಷನ್‌ಗಳು. ಅವರು ದಿನಾ ಹೆಸರು ಕೇಳುವಂಥವು.

ಪೈಥಾನ್ ಸುಮ್ನೆ ಯೂನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸುತ್ತದೆ. ಯೂನಿಕೋಡ್‌ನಲ್ಲಿ ಳ ಇರುವುದು ಲ ಪಕ್ಕದಲ್ಲಿ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ, ಕಟ್ಟಕಡೆಗೆ. ಟೆಸ್ಟ್ ಬರೆದದ್ದು ನಾನು. ಪ್ರೋಗ್ರಾಂ ಕೊಟ್ಟ ಉತ್ತರವನ್ನೇ ‘ಸರಿಯಾದ ಉತ್ತರ’ ಎಂದು ಹಾಕಿದ್ದೆ. ಈ ತಪ್ಪು ಯಾರೂ ಮಾಡಬಾರದು ಎಂದು ನಾನು ಮನಸಾರೆ ಬಯಸುತ್ತೇನೆ. ಬರಬೇಕಾದ ಉತ್ತರ ಪ್ರೋಗ್ರಾಂನಿಂದ ಬರಬಾರದು, ಹೊರಗಿನಿಂದ ಬರಬೇಕು. ನಾವು ನಿಘಂಟು ತೆರೆದಿಟ್ಟುಕೊಂಡು ಇಪ್ಪತ್ತು ಊರುಗಳನ್ನು ಕೈಯಿಂದ ಜೋಡಿಸಿ ಬರೆದೆವು. ಟೆಸ್ಟ್ ಕೆಂಪಾಯಿತು. ಆಮೇಲೆ ವರ್ಣಮಾಲೆಯ ಕ್ರಮ ಹೇಳುವ ಒಂದು ಕೋಷ್ಟಕ ಮಾಡಿ ಕೋಡ್ ತಿದ್ದಿದೆವು.

ಮಧ್ಯರಾತ್ರಿಯ ದೋಷ

ಇದಕ್ಕೆ ಜಾಸ್ತಿ ರಾತ್ರಿಗಳು ಹೋದವು. ‘ಇಂದು ಸೇರಿಸಿದ ಸಂಚಿಕೆಗಳು’ ಎಂಬ ಪುಟದ ಟೆಸ್ಟ್ ಸಿಐನಲ್ಲಿ ಯಾವಾಗಲೂ ಹಸಿರು. ನನ್ನ ಲ್ಯಾಪ್‌ಟಾಪ್‌ನಲ್ಲಿ ಕೆಲವು ಸಲ ಕೆಂಪು. ಮರುದಿನ ಬೆಳಗ್ಗೆ ಓಡಿಸಿದರೆ ಹಸಿರು. ಹೀಗೆ ಬಂದು ಹೋಗುವ ದೋಷಕ್ಕೆ ‘ಏನೋ ಆಗಿತ್ತು, ಈಗ ಸರಿಯಾಯಿತು’ ಎಂದು ಬಿಡುವವರೇ ಹೆಚ್ಚು. ಬಿಡಬೇಡಿ. ಪ್ರತಿ ಸಲ ಫೇಲ್ ಆದಾಗ ಗಂಟೆ ಬರೆದಿಡಿ.

ಎರಡು ವಾರದ ನಂತರ ನನ್ನ ಚೀಟಿಯಲ್ಲಿ ಇದ್ದ ಸಮಯಗಳು: ರಾತ್ರಿ 12:20, 1:05, 12:40, ಮತ್ತೆ 12:10. ಸಂಜೆ ಒಂದೂ ಇಲ್ಲ. ಅಲ್ಲಿಗೆ ಹೊಳೆಯಿತು. ಭಾರತದ ಸಮಯ ಯುಟಿಸಿಗಿಂತ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕಿಂತ, 5 ಗಂಟೆ 30 ನಿಮಿಷ ಮುಂದೆ. ವಾಕಡ್‌ನಲ್ಲಿ ರಾತ್ರಿ 12:20 ಆದಾಗ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನದ ಸಂಜೆ 6:50. ಕೋಡ್ ತಾರೀಖನ್ನು ಯುಟಿಸಿಯಲ್ಲಿ ಬರೆಯುತ್ತಿತ್ತು. ಟೆಸ್ಟ್ ‘ಇಂದು’ ಎಂದು ಕೇಳುತ್ತಿದ್ದದ್ದು ಲ್ಯಾಪ್‌ಟಾಪ್‌ನ ಗಡಿಯಾರವನ್ನು. ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ಎರಡಕ್ಕೂ ದಿನವೇ ಬೇರೆ. ಸಿಐ ಸರ್ವರ್‌ನ ಗಡಿಯಾರವೇ ಯುಟಿಸಿಯಲ್ಲಿ ಇತ್ತು, ಹಾಗಾಗಿ ಅಲ್ಲಿ ಈ ಜಗಳವೇ ಇಲ್ಲ.

ಇಲ್ಲಿ ಟೆಸ್ಟನ್ನೂ ಯುಟಿಸಿಗೆ ಬದಲಿಸಿ ಹಸಿರು ಮಾಡಬಹುದಿತ್ತು. ಆದರೆ ಮಡಗಾಂವ್‌ನಲ್ಲಿ ಕೂತು ರಾತ್ರಿ ಒಂದು ಗಂಟೆಗೆ ಪುಟ ತೆರೆದವರಿಗೆ ‘ಇಂದು’ ಅಂದರೆ ನಿನ್ನೆಯದ್ದು ಕಾಣುತ್ತಿತ್ತು. ತಪ್ಪು ಕೋಡ್‌ನಲ್ಲೇ ಇತ್ತು. ಟೆಸ್ಟ್ ಸರಿಯಾಗಿಯೇ ಕೂಗುತ್ತಿತ್ತು.

ತಿದ್ದಿದ್ದು ಹೀಗೆ. ಫಂಕ್ಷನ್ ತಾನೇ ಗಡಿಯಾರ ನೋಡುವುದನ್ನು ನಿಲ್ಲಿಸಿದೆವು. ‘ಈಗಿನ ಸಮಯ’ವನ್ನು ಹೊರಗಿನಿಂದ ಕೊಡುತ್ತೇವೆ. ಟೆಸ್ಟ್‌ನಲ್ಲಿ ನಾವು ಬೇಕಾದ ಸಮಯ ಕೊಡಬಹುದು: ರಾತ್ರಿ 11:59, 12:01, ಬೆಳಗ್ಗೆ 5:29, 5:31. ಗಡಿಯಾರ ನೋಡುವ ಯಾವ ಕೋಡಿಗೂ ಗಡಿಯ ಎರಡೂ ಬದಿಯ ಸಮಯ ಕೊಟ್ಟು ನೋಡಿ. ಮಧ್ಯಾಹ್ನ ಹನ್ನೆರಡು ಗಂಟೆಗೆ ಎಲ್ಲ ಕೋಡೂ ಒಳ್ಳೆಯದೇ.

ಇದನ್ನು ತಿದ್ದುವಾಗಲೇ ಇನ್ನೊಂದು ಗುಂಡಿಗೆ ಬಿದ್ದೆವು. ಹುಡುಗ ‘ಪೈಟಿಝೆಡ್’ ಎಂಬ ಹಳೆಯ ಲೈಬ್ರರಿ ಬಳಸಿ ‘ಏಷ್ಯಾ/ಕೋಲ್ಕತಾ’ ವಲಯವನ್ನು ನೇರವಾಗಿ ಸಮಯಕ್ಕೆ ಅಂಟಿಸಿದ್ದ. ಉತ್ತರ 23 ನಿಮಿಷ ತಪ್ಪು. ಆ ಲೈಬ್ರರಿಯಲ್ಲಿ ಹಾಗೆ ನೇರ ಅಂಟಿಸಿದರೆ 5:30ರ ಬದಲು 5:53 ಸಿಗುತ್ತದೆ. ಅದು ಭಾರತೀಯ ಸಮಯ ಬರುವ ಮೊದಲಿನ ಕೋಲ್ಕತಾದ ಸ್ಥಳೀಯ ಸಮಯ. ಮುಂಬೈಗೂ ತನ್ನದೇ ಸಮಯ ಇತ್ತು, ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ. 1906ರಲ್ಲಿ ಭಾರತೀಯ ಸಮಯ ಬಂದರೂ ಈ ನಗರ ತನ್ನ ಬಾಂಬೆ ಟೈಮನ್ನು 1955ರವರೆಗೂ ಬಿಟ್ಟಿರಲಿಲ್ಲ. ಲೆಕ್ಕದಲ್ಲಿ ಸರಿಯಾಗಿ 23 ನಿಮಿಷ ವ್ಯತ್ಯಾಸ ಕಂಡರೆ ಕಾರಣ ಆ ಹಳೆಯ ಕೋಲ್ಕತಾ ಸಮಯವೇ ಎಂದು ತಿಳಿಯಿರಿ. ಪೈಥಾನ್ 3.9ರಿಂದ ಜೊತೆಗೇ ಬರುವ ‘ಝೋನ್‌ಇನ್‌ಫೋ’ ಬಳಸಿದರೆ ಈ ತೊಂದರೆ ಇಲ್ಲ. ವಿಂಡೋಸ್‌ನವರು ಮಾತ್ರ ‘ಟಿಝೆಡ್‌ಡೇಟಾ’ ಪ್ಯಾಕೇಜನ್ನೂ ಹಾಕಿಕೊಳ್ಳಬೇಕು, ಅಲ್ಲಿ ವಲಯಗಳ ಪಟ್ಟಿ ಪೈಥಾನ್‌ಗೆ ಸಿಗುವಂತೆ ಇರುವುದಿಲ್ಲ.

ಒಂಟಿಯಾಗಿ ಪಾಸ್, ಗುಂಪಿನಲ್ಲಿ ಫೇಲ್

ಇಂಥದ್ದು ಕಂಡರೆ ಮುಂಚೆ ಓಡಿದ ಯಾವುದೋ ಟೆಸ್ಟ್ ಏನನ್ನೋ ಬಿಟ್ಟುಹೋಗಿದೆ ಎಂದೇ ಅರ್ಥ. ನಮ್ಮಲ್ಲಿ ಊರುಗಳ ಪಟ್ಟಿ ಎಲ್ಲರೂ ಹಂಚಿಕೊಳ್ಳುವ ಒಂದು ಲಿಸ್ಟ್ ಆಗಿತ್ತು. ಒಂದು ಟೆಸ್ಟ್ ಅದಕ್ಕೆ ‘ಥಾಣೆ’ ಸೇರಿಸಿ ತೆಗೆಯದೆ ಹೋಗಿತ್ತು. ಆಮೇಲೆ ಬಂದ ಟೆಸ್ಟ್ ಎಣಿಸಿದಾಗ ಒಂದು ಊರು ಜಾಸ್ತಿ.

ತಪ್ಪು ಮಾಡಿದ ಟೆಸ್ಟ್ ಯಾವುದು ಎಂದು ಹುಡುಕಲು ಅರ್ಧ ಅರ್ಧ ಮಾಡಿ. ಮುಂಚೆ ಓಡುವ ನಲವತ್ತು ಇದ್ದರೆ ಮೊದಲ ಇಪ್ಪತ್ತರ ಜೊತೆ ಓಡಿಸಿ. ಪಾಸ್ ಆದರೆ ತಪ್ಪು ಉಳಿದ ಇಪ್ಪತ್ತರಲ್ಲಿ. ಐದಾರು ಸಲ ಓಡಿಸುವಷ್ಟರಲ್ಲಿ ಸಿಕ್ಕಿಬಿಡುತ್ತದೆ. ಕೋಡ್‌ನ ಇತಿಹಾಸ ಇಡುವ ಗಿಟ್ ಎಂಬ ಸಾಧನದ ‘ಗಿಟ್ ಬೈಸೆಕ್ಟ್’ ಆದೇಶ ಕೂಡ ಇದೇ ಉಪಾಯದಿಂದ ಯಾವ ಕಮಿಟ್‌ನಲ್ಲಿ ಕೆಟ್ಟಿತು ಎಂದು ಹುಡುಕುತ್ತದೆ. ಸಿಕ್ಕ ಮೇಲೆ ಪ್ರತಿ ಟೆಸ್ಟ್‌ಗೂ ಹೊಸ ಲಿಸ್ಟ್ ಕೊಡುವ ಫಿಕ್ಸ್‌ಚರ್ (ಟೆಸ್ಟ್‌ಗೆ ಬೇಕಾದದ್ದನ್ನು ಮೊದಲೇ ಸಿದ್ಧಮಾಡಿ ಕೊಡುವ ಫಂಕ್ಷನ್) ಮಾಡಿ.

ಪ್ರತಿ ಸಲ ಉತ್ತರದ ಕ್ರಮ ಮಾತ್ರ ಬದಲಾಗುತ್ತಿದ್ದರೆ ಎಲ್ಲೋ ಪದಗಳ ಗುಂಪು ಇಡಲು ‘ಸೆಟ್’ ಬಳಸಿದ್ದೀರಿ. ಪೈಥಾನ್ 3.3ರಿಂದ ಪದಗಳ ಹ್ಯಾಶ್, ಅಂದರೆ ಪದವನ್ನು ಸೆಟ್‌ನಲ್ಲಿ ಎಲ್ಲಿಡಬೇಕೆಂದು ಹೇಳುವ ಸಂಖ್ಯೆ, ಪ್ರತಿ ಓಟದಲ್ಲೂ ಬೇರೆ. ಸೆಟ್‌ಗೆ ಕ್ರಮ ಇಲ್ಲ, ಜೋಡಿಸಿ ಹೋಲಿಸಿ.

ಹಸಿರನ್ನೂ ಅನುಮಾನಿಸಿ

ಪೈಥಾನ್‌ನಲ್ಲಿ ಫಂಕ್ಷನ್ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಹುಡುಗ ಪ್ರೀತಿಯಿಂದ ‘ಗೋವಾ_ಪರೀಕ್ಷೆ’ ಎಂದು ಬರೆದಿದ್ದ. ಕೋಡ್ ಸರಿಯೇ. ಆದರೆ ಪೈಟೆಸ್ಟ್ ತಾನಾಗಿ ಹುಡುಕುವುದು ಹೆಸರಿನ ಮೊದಲಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಟೆಸ್ಟ್’ ಎಂದು ಇರುವುದನ್ನು ಮಾತ್ರ. ಅವನದ್ದು ಒಂದು ಸಲವೂ ಓಡಿರಲಿಲ್ಲ. ಸೆಟ್ಟಿಂಗ್ ಬದಲಿಸಿ ಕನ್ನಡ ಹೆಸರುಗಳನ್ನೂ ಹುಡುಕುವಂತೆ ಮಾಡಬಹುದು, ನಾವು ಹಾಗೇ ಮಾಡಿಕೊಂಡೆವು. ಮೇಲೆ ಹೇಳಿದ ಕೂಡಬೇಡ ಚಿಹ್ನೆ ಮಾತ್ರ ಫಂಕ್ಷನ್ ಹೆಸರಿನಲ್ಲಿ ನಡೆಯುವುದಿಲ್ಲ, ಪೈಥಾನ್ ಅಲ್ಲೇ ನಿಲ್ಲಿಸುತ್ತದೆ.

‘--ಕಲೆಕ್ಟ್-ಓನ್ಲಿ’ ಕೊಟ್ಟರೆ ಪೈಟೆಸ್ಟ್ ಯಾವ ಯಾವ ಟೆಸ್ಟ್ ಕಂಡಿದೆ ಎಂದು ಪಟ್ಟಿ ಕೊಡುತ್ತದೆ. ಒಂದೂ ಸಿಗದಿದ್ದರೆ 5 ಎಂಬ ಸಂಖ್ಯೆಯೊಂದಿಗೆ ಹೊರಬರುತ್ತದೆ. ಆದರೆ ಬೇರೆ ಟೆಸ್ಟ್‌ಗಳು ಇದ್ದು ಒಂದು ಮಾತ್ರ ಬಿಟ್ಟುಹೋದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ.

ಹಾಗಾಗಿ ತಿದ್ದುಪಡಿ ಕಳಿಸುವ ಮೊದಲು ನಾನು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಸರಿಮಾಡಿದ ಸಾಲನ್ನೇ ಸ್ವಲ್ಪ ಹೊತ್ತು ತೆಗೆದು ಓಡಿಸುತ್ತೇನೆ. ಅದಕ್ಕಾಗಿ ಬರೆದ ಟೆಸ್ಟ್‌ಗಳು ಕೆಂಪಾಗಲೇಬೇಕು. ಮೊನ್ನೆ ನಾರ್ಮಲೈಸ್ ಸಾಲು ತೆಗೆದು ಓಡಿಸಿದೆ. ಗೋವಾ ಕೆಂಪಾಯಿತು. ಮುಂಬೈ ಹಸಿರಾಗಿಯೇ ಉಳಿಯಿತು. ಹುಡುಗನಿಗೆ ಫೋನ್ ಮಾಡಿದೆ. ಇಬ್ಬರೂ ಫೈಲ್ ತೆರೆದು ಮೇಲಿಂದ ಕೆಳಗೆ ಓದಿದೆವು. ಒಂದೇ ಫೈಲ್‌ನಲ್ಲಿ ‘ಮುಂಬೈ’ ಟೆಸ್ಟ್ ಒಂದೇ ಹೆಸರಿನಲ್ಲಿ ಎರಡು ಸಲ ಇತ್ತು. ಎರಡನೆಯದು ಮೊದಲನೆಯದನ್ನು ಅಳಿಸಿ ಕೂತಿತ್ತು, ಅದರಲ್ಲಿ ಹೋಲಿಸುತ್ತಿದ್ದದ್ದು ವರ್ಷವನ್ನು ಮಾತ್ರ. “ನಾನ ಕಾಪಿ ಮಾಡಿ ಹೆಸರು ಬದಲಿ ಮಾಡೋದು ಬಿಟ್ಟೇನ್ರಿ ಅಣ್ಣಾ” ಎಂದ. ಎರಡನೆಯದರ ಹೆಸರು ‘ಮುಂಬೈ_ವರ್ಷ’ ಎಂದು ಬದಲಿಸಿದ. ಮತ್ತೆ ಓಡಿಸಿದ. ಮುಂಬೈ, ಗೋವಾ ಎರಡೂ ಕೆಂಪು. ಸಾಲನ್ನು ವಾಪಸ್ ಹಾಕಿದ, ಎಲ್ಲ ಹಸಿರು. ಹನ್ನೆರಡು ಗಂಟೆ ದಾಟಿತ್ತು. ಮಧ್ಯರಾತ್ರಿಯ ಟೆಸ್ಟ್ ಕೂಡ ಹಸಿರಾಗಿತ್ತು. ಅವನು ಕಮಿಟ್ ಮಾಡಿದ.